ವಾಲಿಗೂ ಮಾತಾಡಲು ಬಿಡಿ

ಹ್ಯೂಸ್ಟನ್‌ನಲ್ಲಿ ಪಿಕಪ್ ಟ್ರಕ್‌ಗಳ ಹಿಂದಿನ ಗಾಜಿನ ಮೇಲೆ ಬಿಳಿ ತಲೆಬುರುಡೆಯ ಸ್ಟಿಕ್ಕರ್ ಆಗಾಗ ಕಾಣುತ್ತದೆ. ಉದ್ದುದ್ದ ಹಲ್ಲು, ಕಪ್ಪು ಕಣ್ಣು. ಅದು ಪನಿಷರ್ ಎಂಬ ಕಾಮಿಕ್ ಪಾತ್ರದ ಗುರುತು. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಮಾಜಿ ಸೈನಿಕನೊಬ್ಬ ಪೊಲೀಸು, ಕೋರ್ಟು ಯಾವುದನ್ನೂ ನಂಬದೆ, ಬಂದೂಕು ಹಿಡಿದು ಪಾತಕಿಗಳನ್ನು ಕೊಲ್ಲುತ್ತಾ ಹೋಗುವ ಕಥೆ. ರಜೆಗೆ ಉಡುಪಿಗೆ ಬಂದರೆ ಕಾರು, ಬೈಕು, ಆಟೋಗಳ ಮೇಲೆ ಬೇರೆ ಮುಖ. ಕೇಸರಿ-ಕಪ್ಪು ಬಣ್ಣದ, ಹುಬ್ಬು ಗಂಟಿಕ್ಕಿದ ಹನುಮ.

ಎರಡನ್ನೂ ಬರೆದವರ ಅನುಭವ ಹೆಚ್ಚುಕಡಿಮೆ ಒಂದೇ. ಪನಿಷರ್ ಹುಟ್ಟಿದ್ದು 1974ರಲ್ಲಿ. ಆ ಪಾತ್ರವನ್ನು ಬರೆದ ಜೆರಿ ಕಾನ್ವೇ, ಪೊಲೀಸರು ಆ ಬುರುಡೆಯನ್ನು ಹಚ್ಚಿಕೊಳ್ಳುವುದನ್ನು ಬಹಿರಂಗವಾಗಿ ವಿರೋಧಿಸಿದರು. ಕಾನೂನು ಸೋತಿದೆ ಎಂದು ಹೇಳುವ ಪಾತ್ರವನ್ನು ಕಾನೂನು ಕಾಯುವವರೇ ಮೆರೆಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. 2019ರ ಒಂದು ಸಂಚಿಕೆಯಲ್ಲಿ ಪನಿಷರ್ ತಾನೇ ಪೊಲೀಸರ ಎದುರು ಆ ಸ್ಟಿಕ್ಕರನ್ನು ಹರಿದು ಹಾಕುತ್ತಾನೆ. ನಮ್ಮ ಹನುಮನನ್ನು ಬರೆದವರು ಕಾಸರಗೋಡಿನ ಕುಂಬಳೆಯ ಕಲಾವಿದ ಕರಣ್ ಆಚಾರ್ಯ. 2015ರಲ್ಲಿ ಊರಿನ ಗೆಳೆಯರ ಬಾವುಟಕ್ಕೆ ಮಾಡಿಕೊಟ್ಟದ್ದು. ಇವನು ಸಿಟ್ಟಿನ ಹನುಮ ಅಲ್ಲ, ಗತ್ತಿನ ಹನುಮ ಎಂದು ಅವರು ಆಮೇಲೆ ಹೇಳಿದ್ದೂ ಉಂಟು. ಆದರೆ ಚಿತ್ರ ಅವರ ಕೈ ದಾಟಿ ದೇಶವೆಲ್ಲ ಸುತ್ತಿ ಆಗಿತ್ತು. ನೋಡಿದವರು ತಮಗೆ ಬೇಕಾದಷ್ಟು ಸಿಟ್ಟನ್ನು ಅದರಲ್ಲಿ ತುಂಬಿಕೊಂಡಿದ್ದರು.

ಸ್ಟಿಕ್ಕರ್ ಅಂಟಿಸಿದವರೆಲ್ಲ ಹೊಡೆದಾಟಕ್ಕೆ ಹೊರಟವರು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಅನ್ಯಾಯ. ಇಷ್ಟವಾದದ್ದನ್ನು ಗಾಡಿಗೆ ಹಚ್ಚಿಕೊಳ್ಳುತ್ತಾರೆ, ಅಷ್ಟೇ.

ಕಾನೂನು ಕೈಬಿಟ್ಟಾಗ ಒಬ್ಬ ಮನುಷ್ಯ ಎದ್ದು ನಿಲ್ಲುವ ಸಿನಿಮಾ ನನಗೂ ಇಷ್ಟ. ಉಡುಪಿಯ ಅಲಂಕಾರ್, ಕಲ್ಪನಾ ಟಾಕೀಸುಗಳಲ್ಲಿ ಹೀರೋ ಖಳನ ಕಾಲರ್ ಹಿಡಿದಾಗ ಬೀಳುತ್ತಿದ್ದ ಸಿಳ್ಳೆಗಳಲ್ಲಿ ನನ್ನದೂ ಇತ್ತು. ಬಡ್ಡಿಗೆ ಜಾಗ ಕಳೆದುಕೊಂಡವರು, ಒಂದು ಸಹಿಗಾಗಿ ತಿಂಗಳುಗಟ್ಟಲೆ ಅಲೆದವರು, ಮಾಲೀಕರ ಎದುರು ಬಾಯಿ ಬಿಡಲಾಗದವರು ಆ ಎರಡೂವರೆ ಗಂಟೆ ಗೆಲ್ಲುತ್ತಿದ್ದರು. ಆ ಖುಷಿಯನ್ನು ಕೀಳಾಗಿ ನೋಡುವವರ ಜೊತೆ ನಾನಿಲ್ಲ. ಸಿಟ್ಟು ಬರುವುದು ತಪ್ಪಲ್ಲ. ಅನ್ಯಾಯ ಕಂಡು ಸಿಟ್ಟು ಬಾರದಿದ್ದರೇ ಭಯಪಡಬೇಕು.

ಅಮೆರಿಕದಲ್ಲಿ ಈ ಜಾತಿಯ ಸಿನಿಮಾಗಳಿಗೆ ದಾರಿ ಮಾಡಿದ್ದು 1974ರ ‘ಡೆತ್ ವಿಶ್’. ಚಾರ್ಲ್ಸ್ ಬ್ರಾನ್ಸನ್ ಅದರ ನಾಯಕ. ನ್ಯೂಯಾರ್ಕಿನ ಒಬ್ಬ ಆರ್ಕಿಟೆಕ್ಟ್, ಹೆಂಡತಿಯ ಕೊಲೆಯಾದ ಮೇಲೆ ರಾತ್ರಿ ರಸ್ತೆಗಿಳಿದು ಸುಲಿಗೆಕೋರರಿಗೆ ಗುಂಡು ಹೊಡೆಯುತ್ತಾನೆ. ಅದಕ್ಕೆ ಮೂಲವಾದ ಕಾದಂಬರಿಯನ್ನು ಬ್ರಯಾನ್ ಗಾರ್ಫೀಲ್ಡ್ 1972ರಲ್ಲಿ ಬರೆದಿದ್ದರು. ಯಾರೋ ಅವರ ಕಾರಿನ ಮೇಲ್ಹೊದಿಕೆಯನ್ನು ಚೂರಿಯಿಂದ ಹರಿದಿದ್ದರಂತೆ. ಸಿಕ್ಕಿದರೆ ಕೊಂದೇ ಬಿಡುತ್ತೇನೆ ಅನ್ನುವಷ್ಟು ಸಿಟ್ಟು ಬಂತು, ಆಮೇಲೆ ಇಳಿಯಿತು. ಇಳಿಯದೇ ಹೋದ ಮನುಷ್ಯ ಏನಾಗುತ್ತಾನೆ ಎಂದು ಯೋಚಿಸಿ ಬರೆದ ಪುಸ್ತಕ ಅದು. ಅದರಲ್ಲಿ ಎಚ್ಚರಿಕೆ ಇತ್ತು. ಸಿನಿಮಾದಲ್ಲಿ ಚಪ್ಪಾಳೆ ಉಳಿಯಿತು. ಬೇಸರಗೊಂಡ ಗಾರ್ಫೀಲ್ಡ್ 1975ರಲ್ಲಿ ಇನ್ನೊಂದು ಕಾದಂಬರಿ ಬರೆದು ತಮ್ಮ ಮಾತನ್ನು ಮತ್ತೆ ಹೇಳಬೇಕಾಯಿತು.

ಆ ಸಿನಿಮಾ ಬಂದ ಹತ್ತು ವರ್ಷದ ನಂತರ, 1984ರ ಡಿಸೆಂಬರ್‌ನಲ್ಲಿ, ಅದೇ ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಬರ್ನಾರ್ಡ್ ಗೆಟ್ಜ್ ಎಂಬಾತ ನಾಲ್ವರು ಹುಡುಗರಿಗೆ ಗುಂಡು ಹೊಡೆದ. ತನ್ನನ್ನು ಸುಲಿಯಲು ಬಂದಿದ್ದರು ಎಂದ. ಊರಿನ ಎಷ್ಟೋ ಜನ ಅವನನ್ನು ಹೊಗಳಿದರು. 1987ರಲ್ಲಿ ಜ್ಯೂರಿ ಕೊಲೆ ಯತ್ನದ ಆರೋಪ ಕೈಬಿಟ್ಟು, ಲೈಸೆನ್ಸ್ ಇಲ್ಲದ ಬಂದೂಕಿಗೆ ಮಾತ್ರ ತಪ್ಪಿತಸ್ಥ ಎಂದಿತು. ಆ ನಾಲ್ವರಲ್ಲಿ ಒಬ್ಬನಿಗೆ ಮತ್ತೆ ನಡೆಯಲಾಗಲಿಲ್ಲ. ಅವನ ಪರವಾಗಿ ಸಿವಿಲ್ ತೀರ್ಪು ಬಂದದ್ದು 1996ರಲ್ಲಿ. ಅಷ್ಟು ಹೊತ್ತಿಗೆ ಜನ ಅವನನ್ನು ಮರೆತಿದ್ದರು. ಗುಂಡು ಹೊಡೆದವನ ಹೆಸರು ಮಾತ್ರ ಇವತ್ತಿಗೂ ನೆನಪಿದೆ.

ಟೆಕ್ಸಾಸ್‌ನ ಜನರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಒಳ್ಳೆಯವರು. ಬಂದೂಕು ಇಟ್ಟುಕೊಂಡವರು ಅಂದ ಕೂಡಲೇ ನಮ್ಮಲ್ಲಿ ಒಂದು ಚಿತ್ರ ಮೂಡುತ್ತದಲ್ವಾ? ಅದು ನಿಜವಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಶನಿವಾರ ಮಗಳನ್ನು ಕರೆದುಕೊಂಡು ಶೂಟಿಂಗ್ ರೇಂಜಿಗೆ ಹೋಗುತ್ತಾನೆ. ಚಂಡಮಾರುತ ಬಂದು ಕರೆಂಟ್ ಹೋದಾಗ ಮೊದಲು ನಮ್ಮ ಬಾಗಿಲು ತಟ್ಟಿ ವಿಚಾರಿಸಿದವನೂ ಅವನೇ. ಬಂದೂಕನ್ನು ಶ್ರದ್ಧೆಯಿಂದ ಒರೆಸುತ್ತಾನೆ, ಬೀಗ ಹಾಕಿ ಇಡುತ್ತಾನೆ. ಆದರೆ ಅವನ ಸುತ್ತಲಿನ ಕಾನೂನು ಬೇರೆ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ 21 ವರ್ಷ ದಾಟಿದ ಹೆಚ್ಚಿನವರು ಯಾವ ಪರವಾನಗಿಯೂ ಇಲ್ಲದೆ ಪಿಸ್ತೂಲು ಕಟ್ಟಿಕೊಂಡು ಓಡಾಡಬಹುದು. 2017ರ ಅಂದಾಜಿನಂತೆ ಆ ದೇಶದಲ್ಲಿ 100 ಜನರಿಗೆ 120 ಬಂದೂಕು. ನಮ್ಮಲ್ಲಿ ಸುಮಾರು 5. 2021ರಲ್ಲಿ ಅಲ್ಲಿ ಗುಂಡಿಗೆ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಕಳ್ಳನಿಗೆಂದು ತಂದಿಟ್ಟದ್ದು ಹೆಚ್ಚಾಗಿ ಮನೆಯವರ ಕೈಗೇ ಸಿಗುತ್ತದೆ.

ನನ್ನ ಮಾವನ ತೋಟ ಕಾರ್ಕಳದ ಹತ್ತಿರ. ಅವರ ಹತ್ತಿರವೂ ಕೋವಿ ಉಂಟು, ಬೆಳೆ ರಕ್ಷಣೆಯ ಲೈಸೆನ್ಸಿನದು. ಅದಕ್ಕೆ ಅರ್ಜಿ, ಪೊಲೀಸ್ ವರದಿ, ಮತ್ತೆ ಮತ್ತೆ ನವೀಕರಣ. ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಠೇವಣಿ ಇಡಬೇಕು, ಮುಗಿದ ಮೇಲೆ ತರಬೇಕು. ಅಷ್ಟರಲ್ಲಿ ಮಂಗಗಳು ಎಳನೀರು ಕಿತ್ತು ಹಾಕಿರುತ್ತವೆ, ಹಂದಿಗಳು ಬಾಳೆಗಿಡ ಉರುಳಿಸಿರುತ್ತವೆ. ಈ ಬಗ್ಗೆ ಕರಾವಳಿಯ ಕೃಷಿಕರಿಗೆ ಇರುವ ಬೇಸರ ನ್ಯಾಯವಾದದ್ದು. ಪ್ರತಿ ಸಲ ಎಲ್ಲರ ಕೋವಿ ಕಸಿದುಕೊಳ್ಳುವ ಅಗತ್ಯ ಇಲ್ಲ. ಕಳ್ಳರು ಬಂದರೆ ಇದೇ ಕೋವಿ ತೆಗೀತೀರಾ ಎಂದು ನಾನು ಕೇಳಿದ್ದೆ. ಮಾವ ಹೇಳಿದರು: “ಇದು ಮಂಗ ಓಡಿಸ್ಲಿಕ್ಕೆ ಮಾರಾಯ. ಮನುಷ್ಯರಿಗೆ ಬಾಯಿ ಉಂಟಲ್ಲ, ಕೇಳ್ಬಹುದಲ್ಲ.”

ನಮ್ಮ ಕಾನೂನು ಕೂಡ ಹೆಚ್ಚುಕಡಿಮೆ ಮಾವನ ಹಾಗೆಯೇ ಯೋಚಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ, ಜೀವಕ್ಕೂ ಇದೆ, ಆಸ್ತಿಗೂ ಇದೆ. ಆದರೆ ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಆ ಹಕ್ಕು ಇಲ್ಲ. ತಡೆಯಲು ಬೇಕಾದ್ದಕ್ಕಿಂತ ಜಾಸ್ತಿ ಹೊಡೆಯುವಂತಿಲ್ಲ. ಜೀವಭಯ ಇಲ್ಲದ ಬರೀ ಕಳ್ಳತನಕ್ಕೆ ಜೀವ ತೆಗೆಯುವಂತಿಲ್ಲ. ಆತ್ಮರಕ್ಷಣೆಗೆ ಹೊಡೆದೆ ಎಂದು ತೋರಿಸಿಕೊಡುವ ಹೊಣೆ ಹೊಡೆದವನದು. ಅಮೆರಿಕದ ರಾಜ್ಯಗಳಲ್ಲಿ ಇದು ತಿರುಗಿದೆ. ಅದು ಆತ್ಮರಕ್ಷಣೆ ಅಲ್ಲ ಎಂದು ಸರ್ಕಾರಿ ವಕೀಲರೇ ಸಾಬೀತು ಮಾಡಬೇಕು. ಟೆಕ್ಸಾಸ್‌ನಲ್ಲಂತೂ ರಾತ್ರಿ ಹೊತ್ತು ಆಸ್ತಿ ಕದ್ದು ಓಡುವವನ ಮೇಲೂ ಕೆಲವು ಷರತ್ತುಗಳೊಂದಿಗೆ ಗುಂಡು ಹಾರಿಸಬಹುದು.

2007ರಲ್ಲಿ ಹ್ಯೂಸ್ಟನ್‌ಗೆ ಅಂಟಿಕೊಂಡ ಪಸಡೀನಾ ಎಂಬ ಊರಿನಲ್ಲಿ ಒಬ್ಬರು ಪಕ್ಕದ ಮನೆಗೆ ನುಗ್ಗಿದ ಇಬ್ಬರನ್ನು ನೋಡಿ ಪೊಲೀಸರಿಗೆ ಫೋನ್ ಮಾಡಿದರು. ಹೊರಗೆ ಹೋಗಬೇಡಿ ಎಂದು ಆ ಕಡೆಯವರು ಮತ್ತೆ ಮತ್ತೆ ಹೇಳಿದರು. ಇವರು ಬಂದೂಕು ಹಿಡಿದು ಹೋಗಿ ಇಬ್ಬರನ್ನೂ ಕೊಂದರು. 2008ರಲ್ಲಿ ಗ್ರ್ಯಾಂಡ್ ಜ್ಯೂರಿ ಮೊಕದ್ದಮೆಯೇ ಬೇಡ ಎಂದಿತು. ಆ ಫೋನ್ ಮಾತುಕತೆಯ ಧ್ವನಿಮುದ್ರಣ ದೇಶವೆಲ್ಲ ಕೇಳಿತು. ಅದರಲ್ಲಿ ಹೊಡೆದವರ ಮಾತಿದೆ, ತಡೆದವರ ಮಾತಿದೆ. ಸತ್ತವರು ಕಳ್ಳರೇ ಇರಬಹುದು, ಆದರೆ ಅವರ ಒಂದು ಮಾತು ಅದರಲ್ಲಿಲ್ಲ. ನನ್ನನ್ನು ಕಾಡುವುದು ಇದೇ.

ಈ ಪ್ರಶ್ನೆಯನ್ನು ನಮ್ಮ ಕರಾವಳಿ ಯಾವತ್ತೋ ಎತ್ತಿಕೊಂಡಿದೆ. ಅದೇ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ಯಕ್ಷಗಾನ ರಾಮಾಯಣದ ವಾಲಿಯ ಕಥೆ ಎಲ್ಲರಿಗೂ ಗೊತ್ತು. ರಾಮ ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟ. ವಾಲಿ ಬಿದ್ದ. ಸಿನಿಮಾ ಆಗಿದ್ದರೆ ಇಲ್ಲಿ ಸ್ಲೋ ಮೋಷನ್, ಹಿನ್ನೆಲೆ ಸಂಗೀತ, ಮುಂದಿನ ದೃಶ್ಯ. ತಾಳಮದ್ದಳೆಯಲ್ಲಿ ನಿಜವಾದ ಕಥೆ ಇಲ್ಲಿಂದ ಶುರು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ನಿಂತ ಮೇಲೆ, ಮಳೆಗಾಲದಲ್ಲಿ, ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಒಂದು ಪದ ಹೇಳುತ್ತಾರೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಕುಳಿತಲ್ಲೇ ಮಾತಿಗೆ ಇಳಿಯುತ್ತಾರೆ. ಎದೆಗೆ ಬಾಣ ನಾಟಿದ ವಾಲಿ ರಾಮನನ್ನು ಕೇಳುತ್ತಾನೆ. ನಾನು ನಿನಗೆ ಏನು ಮಾಡಿದ್ದೆ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನಿಗೆ ಮರೆಯಿಂದ ಯಾಕೆ ಹೊಡೆದೆ? ಸೀತೆ ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ? ರಾಮನಿಗೂ ಉತ್ತರ ಇದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಧರ್ಮ. ಈ ಭೂಮಿ ಇಕ್ಷ್ವಾಕುಗಳದು, ಭರತನ ಪರವಾಗಿ ನಾನು ದಂಡಿಸಿದೆ. ವಾಲಿ ಬಿಡುವುದಿಲ್ಲ. ಅದರ ಮೇಲೆ ಮತ್ತೆ ಪ್ರಶ್ನೆ.

ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದನ್ನು ನೆನೆಯುತ್ತಾರೆ. ಸಭೆಯಲ್ಲಿ ಕುಳಿತವರೆಲ್ಲ ರಾಮಭಕ್ತರು. ಬೆಳಿಗ್ಗೆ ಎದ್ದು ರಾಮನಿಗೆ ಕೈ ಮುಗಿಯುವವರು. ಆದರೂ ರಾತ್ರಿ ವಾಲಿಯ ವಾದಕ್ಕೆ ತಲೆದೂಗುತ್ತಿದ್ದರು. ಭಕ್ತಿ ಅದರಿಂದ ಕಡಿಮೆಯಾಗಲಿಲ್ಲ. ದೇವರೇ ಆದರೂ ಮರೆಯಿಂದ ಹೊಡೆದರೆ ಬಿದ್ದವನ ಮುಂದೆ ನಿಂತು ಉತ್ತರ ಕೊಡಬೇಕು ಎಂಬುದನ್ನು ನಮ್ಮ ಹಿರಿಯರು ಒಪ್ಪಿಕೊಂಡಿದ್ದರು. ನಾನು ನೋಡಿದ ಹಾಲಿವುಡ್ ಸೇಡಿನ ಸಿನಿಮಾಗಳಲ್ಲಿ ಇಷ್ಟು ಧೈರ್ಯ ಕಂಡಿಲ್ಲ.

ಹಾಗಂತ ನಮ್ಮ ಊರು ಮೇಲು, ಅವರ ಊರು ಕೀಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ಕಾನೂನು ಕೈಗೆತ್ತಿಕೊಳ್ಳುವವನು ಒಬ್ಬನೇ ಬರುತ್ತಾನೆ, ಕೈಯಲ್ಲಿ ಬಂದೂಕು. ನಮ್ಮಲ್ಲಿ ಗುಂಪಾಗಿ ಬರುತ್ತಾರೆ, ಕೋವಿ ಬೇಕಾಗಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಹುಡುಗಿಯರನ್ನು ಹೊಡೆದು ಓಡಿಸಿದರು. 2012ರ ಜುಲೈಯಲ್ಲಿ ಅದೇ ಮಂಗಳೂರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದವರಿಗೆ ಹೊಡೆದರು. ಎರಡೂ ಕಡೆ ಕ್ಯಾಮೆರಾ ಇತ್ತು. 2025ರ ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ, ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಜಾಗದ ಹತ್ತಿರ, ಗುಂಪೊಂದು ವಯನಾಡಿನ ಒಬ್ಬರನ್ನು ಹೊಡೆದು ಕೊಂದಿತು. ಅವರು ಏನೋ ಘೋಷಣೆ ಕೂಗಿದರು ಎಂಬ ಮಾತು ಆಮೇಲೆ ಹರಡಿತು. ಅದು ನಿಜವೋ ಸುಳ್ಳೋ ಹೇಳಬೇಕಾದ ಮನುಷ್ಯನೇ ಇಲ್ಲ. ನಿಜವೇ ಆಗಿದ್ದರೂ ಕೊಲ್ಲುವ ಅಧಿಕಾರ ಆ ಮೈದಾನಕ್ಕೆ ಯಾರು ಕೊಟ್ಟರು? ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ನಾನು ಹುಟ್ಟಿ ಬೆಳೆದ ಕರಾವಳಿ ಇದು.

ಮಂಗಳೂರಿನಲ್ಲಿ ಓದುವ ನನ್ನ ಅಕ್ಕನ ಮಗ ಹುಲಿವೇಷ ಅಂದರೆ ಪ್ರಾಣ ಬಿಡುತ್ತಾನೆ. ಮಂಗಳಾದೇವಿಯ ಸುತ್ತ ನಡೆಯುವ, ರಾಜ್ ಬಿ. ಶೆಟ್ಟಿಯವರ 2021ರ ‘ಗರುಡ ಗಮನ ವೃಷಭ ವಾಹನ’ ಸಿನಿಮಾ ಅವನಿಗೆ ಬಾಯಿಪಾಠ. ನನಗೂ ಅದು ಬಹಳ ಇಷ್ಟ. ಪೂರ್ತಿ ನೋಡಿದರೆ ರಕ್ತದ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಅವನ ಫೋನಿನಲ್ಲಿ ಇದ್ದದ್ದು ಅದರಲ್ಲಿನ ಶಿವ ಎಂಬ ಪಾತ್ರದ ಹುಲಿ ಕುಣಿತದ ತುಂಡು ಮಾತ್ರ. ಕೊನೆ ಇಲ್ಲ, ಸತ್ತವರ ಮನೆ ಇಲ್ಲ. ರೀಲ್ಸ್‌ನಲ್ಲಿ ವಾಲಿಗೆ ಜಾಗವಿಲ್ಲ.

ಅವನು ಒಂದು ವಾದ ಹೂಡಿದ. “ಎಂತ ಮಾಡುದು ಮಾವ, ಕೇಸ್ ಹಾಕಿದ್ರೆ ಹತ್ತು ವರ್ಷ ಬೇಕು. ಅಷ್ಟ್ರೊಳಗೆ ಎಲ್ಲ ಮುಗ್ದಿರ್ತದೆ.” ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಡೆತ್ ವಿಶ್‌ನಿಂದ ಹಿಡಿದು ನಮ್ಮ ಎಲ್ಲ ಹೀರೋಗಳೂ ಹುಟ್ಟಿದ್ದು ಇದೇ ಬೇಸರದಿಂದ. ನಾನು ಅವನಿಗೆ 2009ರ ಪಬ್ ಪ್ರಕರಣದ ಕಥೆ ಹೇಳಿದೆ. ಅದರ ತೀರ್ಪು ಬಂದದ್ದು 2018ರಲ್ಲಿ. ದೇಶವೆಲ್ಲ ನೋಡಿದ ವೀಡಿಯೊ ಇದ್ದರೂ ಸಾಕ್ಷ್ಯ ಸಾಲದೆ ಆರೋಪಿಗಳು ಖುಲಾಸೆಯಾದರು. ಕೋರ್ಟಿನ ನಿಧಾನದಿಂದ ಸೋತವರು ಪೆಟ್ಟು ತಿಂದ ಆ ಹುಡುಗಿಯರು. ಅವರಿಗಾಗಿ ಯಾವ ಹೀರೋವೂ ಬರಲಿಲ್ಲ, ಬರುವುದೂ ಬೇಡ. ಅವರಿಗೆ ಬೇಕಿದ್ದದ್ದು ಚುರುಕಾದ ತನಿಖೆ, ಹೆದರದೆ ಬಂದು ಸಾಕ್ಷಿ ಹೇಳುವ ನೆರೆಹೊರೆಯವರು. ಅಳಿಯ ಇದನ್ನು ಪೂರ್ತಿ ಒಪ್ಪಲಿಲ್ಲ. ಆದರೆ ಆ ಹುಡುಗಿಯರು ಆಮೇಲೆ ಏನಾದರು ಎಂದು ಕೇಳಿದ.

ಸಿನಿಮಾ ಮಾಡುವ ನಮ್ಮ ಊರಿನವರ ಮೇಲೆ ನನಗೆ ಭರವಸೆ ಇದೆ. ಅವರು ಯಕ್ಷಗಾನದ ಆಟ ನೋಡುತ್ತಾ ಬೆಳೆದವರು, ತಾಳಮದ್ದಳೆಯ ಕೂಟದಲ್ಲಿ ಕುಳಿತವರು. ಬಿದ್ದವನು ಅರ್ಧ ಗಂಟೆ ಪ್ರಶ್ನೆ ಕೇಳುವ, ಹೊಡೆದವನು ಎದುರು ನಿಂತು ಉತ್ತರಿಸಲೇಬೇಕಾದ ಒಂದು ಸಿನಿಮಾ ಅವರಿಂದ ಬರಲಿ. ಹೊಡೆದಾಟವೂ ಇರಲಿ, ಸಿಳ್ಳೆಯೂ ಬೀಳಲಿ. ಹ್ಯೂಸ್ಟನ್‌ಗೆ ಬಂದರೆ ಆ ಸಹೋದ್ಯೋಗಿಯನ್ನೂ ಅವನ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಅವನು ರಾಮನ ಪಕ್ಷ ಹಿಡಿಯುತ್ತಾನೆ ಅಂತ ನನಗೆ ಈಗಲೇ ಗೊತ್ತು. ಹಿಡಿಯಲಿ, ರಾಮನ ಪಕ್ಷದಲ್ಲೂ ವಾದ ಇದೆ.