ಬಾಣ ಚುಚ್ಚಿದ ಹಾರ್ಟು

ನಮ್ಮೂರಿನವರಿಗೆ ಈಗ ಸೈನ್ಯದ ಇತಿಹಾಸದ ಮೇಲೆ ಭಾರೀ ಪ್ರೀತಿ. ನಮ್ಮ ಭಾವಮೈದ ಗೆಳೆಯರ ಜೊತೆ ಕಾರು ಹತ್ತಿ ಮಹಾರಾಷ್ಟ್ರದ ಅಹಮದ್‌ನಗರದವರೆಗೂ (ಈಗಿನ ಅಹಿಲ್ಯಾನಗರ) ಹೋಗಿ ಬಂದ. ಅಲ್ಲಿ 1994ರಲ್ಲಿ ಶುರುವಾದ ಟ್ಯಾಂಕ್ ಮ್ಯೂಸಿಯಂ ಇದೆ. ಪಾಕಿಸ್ತಾನದಿಂದ ಕಸಿದುಕೊಂಡ ಪ್ಯಾಟನ್ ಟ್ಯಾಂಕೂ ಇದೆ. ಅದನ್ನು ಒರಗಿ ನಿಂತ ಫೋಟೊ ವಾರಪೂರ್ತಿ ಇವನ ಸ್ಟೇಟಸ್ಸು.

“ನಮ್ ಚಿಕ್ಕಬಳ್ಳಾಪುರದಾಗೆ ಏನೈತೆ ಭಾವ? ಯುದ್ಧ ಗಿದ್ಧ ಏನಾದ್ರೂ ನಡೆದೈತಾ?” ಅಂತ ಕೇಳಿದ. ಕೇಳಿದ್ದು ಮನೆಯ ಟೆರೇಸಿನ ಮೇಲೆ ನಿಂತು. ಎದುರಿಗೇ ನಂದಿ ಬೆಟ್ಟ!

ಆ ಬೆಟ್ಟದ ಮೇಲಿನ ಟಿಪ್ಪುವಿನ ಕೋಟೆಯನ್ನು ಗೆಲ್ಲಲು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯಕ್ಕೆ ಸುಮಾರು ಮೂರು ವಾರ ಹಿಡಿಯಿತು. ಕಡಿದಾದ ಬೆಟ್ಟಕ್ಕೆ ಫಿರಂಗಿ ಎಳೆದರು, ಗೋಡೆ ಒಡೆದರು. 1791ರ ಅಕ್ಟೋಬರ್ 19ರಂದು ಒಳಗೆ ನುಗ್ಗಿದರು. ಮೇಲಿದ್ದವರು ಬಂಡೆ ಉರುಳಿಸಿದರು. ನುಗ್ಗಿದವರಲ್ಲಿ ಸತ್ತವರು, ಗಾಯಗೊಂಡವರು ಹೆಚ್ಚಿನವರು ಅದಕ್ಕೆ ಸಿಕ್ಕಿದವರೇ.

ಇಷ್ಟೆಲ್ಲ ನಡೆದ ಬೆಟ್ಟಕ್ಕೆ ಜನ ಹೋಗುವುದು ಮೋಡ ನೋಡುವುದಕ್ಕೆ. ಹೋಗಲಿ ಬಿಡಿ, ಮೋಡ ಚೆನ್ನಾಗಿಯೇ ಇರುತ್ತದೆ. ಬೋರ್ಡುಗಳಿಗೂ ಬರವಿಲ್ಲ. ಕೋತಿಗೆ ತಿಂಡಿ ಹಾಕಬೇಡಿ, ಪ್ಲಾಸ್ಟಿಕ್ ತರಬೇಡಿ, ಇಲ್ಲಿ ಗಾಡಿ ನಿಲ್ಲಿಸಬೇಡಿ. ಗೋಡೆ ಒಡೆದದ್ದು ಎಲ್ಲಿ ಅಂತ ಹೇಳುವ ಬೋರ್ಡು ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ. ಕೈದಿಗಳನ್ನು ಕೆಳಕ್ಕೆ ತಳ್ಳುತ್ತಿದ್ದರು ಅಂತ ಜನ ಹೇಳುವ ಪ್ರಪಾತ ‘ಟಿಪ್ಪು ಡ್ರಾಪ್’ ಎಲ್ಲಿ ಅಂದರೆ ಮಗುವೂ ಕೈ ತೋರಿಸುತ್ತದೆ. ಬೀಳುವ ಜಾಗ ಎಲ್ಲರಿಗೂ ಗೊತ್ತು, ಹತ್ತಿದ ಜಾಗ ಯಾರಿಗೂ ಬೇಡ.

2023ರಲ್ಲಿ ಇದೇ ಬೆಟ್ಟಕ್ಕೆ ರೋಪ್‌ವೇ ಮಾಡುತ್ತೇವೆ ಅಂತ ಶಂಕುಸ್ಥಾಪನೆಯನ್ನೂ ಮಾಡಿದರು. ಯಾರೂ ಸುಲಭವಾಗಿ ಹತ್ತಬಾರದು ಅಂತಲೇ ಕಟ್ಟಿದ ಕೋಟೆಗೆ! ಕಾರ್ನ್‌ವಾಲಿಸ್ ಸ್ವಲ್ಪ ತಾಳಿದ್ದರೆ ಟಿಕೆಟ್ ತಗೊಂಡು ಕೂತುಕೊಂಡೇ ಹೋಗಬಹುದಿತ್ತು. ಪಾಪ, ಆತುರಗಾರ.

ಕೋಟೆ ಗೋಡೆಯ ಮೇಲೆ ಬರವಣಿಗೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಅದನ್ನು ನಮ್ಮ ಹುಡುಗರು ವಹಿಸಿಕೊಂಡಿದ್ದಾರೆ. ಇಂಥವನು, ಇಂಥವಳು, ನಡುವೆ ಒಂದು ಹಾರ್ಟು. ಕೆಲವರು ಇಸವಿಯನ್ನೂ ಕೆತ್ತಿದ್ದಾರೆ. ದಾಖಲೆ ಇಡುವುದರಲ್ಲಿ ಸಂಬಂಧಪಟ್ಟವರಿಗಿಂತ ಇವರೇ ವಾಸಿ.

ಇದನ್ನು ತಡೆಯೋಕೆ ಆಗದಿದ್ದರೆ ರೇಟಾದರೂ ಫಿಕ್ಸ್ ಮಾಡಿ ಸ್ವಾಮಿ. ಹೆಸರಿಗೆ ಐವತ್ತು ರೂಪಾಯಿ, ಜೋಡಿ ಹೆಸರಿಗೆ ರಿಯಾಯಿತಿ. ಹಾರ್ಟಿಗೆ ಬಾಣ ಚುಚ್ಚಿದರೆ ಮಾತ್ರ ಡಬಲ್ ತಗೊಳ್ಳಿ. ಇಡೀ ಕೋಟೆಯಲ್ಲಿ ಈಗ ನೋಡಲು ಸಿಗುವ ಆಯುಧ ಅದೊಂದೇ ಅಲ್ವಾ?