ಮನುಷ್ಯಾರು ಕಾಲಿಡದ ಜಾಗಾ, ಪಾರ್ಕಿಂಗ್ ಫುಲ್

ಹೋದ ಮಾಘದಾಗ ಒಂದಿನಾ ನಸುಕಿನ ಐದೂವರಿಗೆ ಕೊಲ್ಹಾರದ ಹತ್ರ ಆಲಮಟ್ಟಿ ಹಿನ್ನೀರಿನ ದಂಡಿಗೆ ಹೋಗಿ ಇಳದ್ರ ಅಲ್ಲಿ ಆಗ್ಲೇ 17 ಗಾಡಿ ನಿಂತಿದ್ದು. ಯಾರದರೆ ಮದಿವಿ ದಿಬ್ಬಣಾ ಹಾದಿ ತಪ್ಪಿ ಬಂದೈತೇನೋ ಅಂದ್ಕೊಂಡೆ. ಅಲ್ಲ. ಎಲ್ಲಾರೂ ವೈಲ್ಡ್‌ಲೈಫ್ ಫೋಟೊಗ್ರಾಫರ್ ಮಂದಿ, ಮೈತುಂಬ ಹಸರ ಎಲಿ ಎಲಿ ಮಿಲಿಟರಿ ಅಂಗಿ, ತಲಿಗೆ ಅದ ಬಟ್ಟಿ ಟೊಪ್ಪಿಗಿ, ಲೆನ್ಸಿಗೂ ಅದ ಬಟ್ಟೀದ ಕುಲಾಯಿ. ಹಕ್ಕಿಗೆ ಕಾಣಬಾರದಂತ. ನಮ್ಮ ಹಿನ್ನೀರಿನ ದಂಡಿ ನೋಡಿದವರಿಗೆ ಗೊತ್ತೈತಿ, ಅಲ್ಲಿ ನೀರು ಇಳದ ಮ್ಯಾಲೆ ಕರೀ ಕೆಸರು ಬಿಟ್ರ ಮೈಲಿಗಟ್ಲೆ ಒಂದ ಗಿಡಾ ಇರೂದಿಲ್ಲ, ಅದರಾಗ ಇವರು ಹಸರ ಎಲಿ ಹೊದ್ಕೊಂಡು ಸಾಲಾಗಿ ನಿಂತ್ರ ಹಕ್ಕಿ ಏನಂತ ತಿಳಕೋಬೇಕು, ಯಾರೋ ರಾತ್ರೋರಾತ್ರಿ ಬಂದು ಕರಿಬೇವಿನ ಗಿಡಾ ಹಚ್ಚಿ ಹೋಗ್ಯಾರ ಅಂತ ತಿಳಕೊಂಡಿರಬೇಕು.

ನನ್ನ ಕರಕೊಂಡ ಹೋದಾಂವ ನಮ್ಮ ಓಣಿ ಲೆನ್ಸ್ ಕಾಕಾ. ರಿಟೈರ್ ಆದಾಗ ಬಂದ ರೊಕ್ಕದಾಗ ಬಂಗಾರದ ಪಾಟ್ಲಿ ಮಾಡಿಸೋಣು ಅಂತ ಕಾಕು ಕುಂತಿದ್ಲು, ಇಂವ 600 ಎಂಎಂ ಲೆನ್ಸ್ ತಂದ. 10 ಲಕ್ಷದ ಮ್ಯಾಲಿಂದು, ಅದರಾಗ ಒಂದು ಟ್ರ್ಯಾಕ್ಟರ್ ಬರ್ತಿತ್ತು, ಟ್ರೇಲರ್ ಸಮೇತ. ಮನಿಯಾಗ ಕಾಕು ಇವತ್ತಿಗೂ ಆ ಲೆನ್ಸಿಗೆ "ನಿಮ್ಮ ಎರಡನೇ ಹೇಣ್ತಿ" ಅಂತ ಕರೀತಾಳ, ಕಾಕಾಗ ಬ್ಯಾಸರಿಲ್ಲ.

ನೀರಿನಾಗ ಒಂದು ನೂರು ರಾಜಹಂಸ ನಿಂತಿದ್ದು, ಫ್ಲೆಮಿಂಗೋ ಅಂತಾರಲ್ಲ ಅವು. ಉದ್ದನೂ ಕಾಲು, ಉದ್ದನೂ ಕುತಿಗಿ, ಡೊಂಕ ಕೊಕ್ಕು ತಲಿಕೆಳಗ ಮಾಡಿ ಕೆಸರನೀರಾಗ ಅದ್ದಿ ಹುಳಾ ಪಾಚಿ ಸೋಸಿ ಸೋಸಿ ತಿನ್ನಾಕತ್ತಿದ್ದು. ಆ ತಿಂದದ್ದರಾಗಿನ ಬಣ್ಣಾನ ರೆಕ್ಕಿಗೆ ಬಂದು ಗುಲಾಬಿ ಆಗತೈತಿ, ತಿಂಗಳಗಟ್ಲೆ ತಿಂದ್ರ ಒಂಚೂರು ಗುಲಾಬಿ. ಕಾಕಾ ಅದನ್ನ ಮನಿಗೆ ಬಂದು ಕಂಪ್ಯೂಟರಿನ್ಯಾಗ ಬಣ್ಣಾ ಏರಸೂ ಸ್ಯಾಚುರೇಶನ್ ಗುಂಡಿ ಎಳದು ಅರ್ಧಾ ನಿಮಿಷದಾಗ ಮಾಡ್ತಾನ, ಆಮ್ಯಾಲೆ ಆ ಹಕ್ಕಿ ಜಾತ್ರಿಯೊಳಗಿನ ಬೊಂಬಾಯಿ ಮಿಠಾಯಿ ಕಂಡಂಗ ಕಾಣತೈತಿ.

ಚಂದ ಐತಲ್ಲ ಕಾಕಾ, ತಗೀರಿ ಫೋಟೊ, ಅಂದೆ.

"ಏ, ನಿಂತದ್ದು ಯಾರ ಬೇಕಾದ್ರೂ ತಗೀತಾರೋ. ಫ್ಲೈಟ್ ಶಾಟ್ ಬೇಕು."

ಅಂದ್ರ ಅವು ಹಾರಬೇಕು. ಅವಕ್ಕ ಹಾರೂ ವಿಚಾರ ಇಲ್ಲ, ಹೊಟ್ಟಿ ಹಸದಾವ, ಉಣ್ಣಾಕತ್ತಾವ. ಇಲ್ಲಿ ಕರಿಬೇವಿನ ಗಿಡಗೋಳು ತಮ್ಮ ತಮ್ಮೊಳಗ ಮೀಟಿಂಗ್ ಮಾಡಿದ್ವು. ಒಬ್ಬಾಂವ ಕಲ್ಲು ಒಗಿಯೋಣು ಅಂದ, ಅದಕ್ಕ ಇನ್ನೊಬ್ಬಾಂವ ಛೇ ಛೇ ಅದು ಎಥಿಕಲ್ ಅಲ್ಲ, ಡ್ರೋನ್ ಬಿಡೋಣು ಅಂದ. ಡ್ರೋನ್ ಬ್ಯಾಟರಿ ಯಾರೋ ಚಾರ್ಜ್ ಮಾಡಿದ್ದಿಲ್ಲ, ಪುಣ್ಯಾ. ಆವಾಗ ಕಾಕಾನ ಕಣ್ಣಿಗೆ ಬಿದ್ದಾಂವ ತೆಪ್ಪದ ಮುತ್ಯಾ. ದಿನಾ ಮೀನದ ಬಲಿ ಬಿಚ್ಚಾಕ ಬರ್ತಾನ, ಎಪ್ಪತ್ತು ದಾಟೈತಿ, ತಲಿಗೆ ಮಾಸಿದ್ದ ಪಟಗಾ.

"ಮುತ್ಯಾ, ತೆಪ್ಪಾ ಆ ಹಕ್ಕಿ ಕಡೆ ಒಂಚೂರು ಹೊಡೀರಲ್ಲ, ಏಳಲಿ ಅವು."

"ಉಣ್ಣಾಕತ್ತಾವಲ್ಲರಿ ಸಾಹೇಬ್ರ. ಉಣ್ಣೂ ಎಲಿ ಮುಂದಿಂದ ಯಾರರ ಎಬ್ಬಸ್ತಾರೇನು?"

"200 ರೂಪಾಯಿ ಕೊಡ್ತೇನಿ."

ಮುತ್ಯಾ ಸ್ವಲ್ಪ ಹೊತ್ತು ಹಕ್ಕಿ ನೋಡ್ದ, ಸ್ವಲ್ಪ ಹೊತ್ತು ಕಾಕಾನ ನೋಡ್ದ. ಹೆಂಗಿದ್ರೂ ಬಲಿ ಆ ಕಡೇನ ಐತಿ ಅಂತ ಹೇಳಿ ಹುಟ್ಟು ಹಾಕ್ದ. ಹೋಗೂಮುಂದ ನನಗ ಕೈ ಮಾಡಿ ತೋರ್ಸಿದ, ಅಗಾ ಆ ಒಂಟಿ ಹಕ್ಕಿ ನಿಂತೈತಲ್ಲ, ಅಲ್ಲಿಂದ ಈ ಕಡಿಗೆ ನಮ್ಮ ಬಿಳಿಜೋಳದ ಹೊಲಾ, ಅದರ ಆಚಿಗೆ ಹಣಮಪ್ಪನ ಗುಡಿ. ಡ್ಯಾಮಿನ್ಯಾಗ 519.60 ಮೀಟರ್ ಮಟ್ಟಕ್ಕ ನೀರು ನಿಂತ್ರ ಎಲ್ಲಾ ಒಳಗ, ಬ್ಯಾಸಿಗಿ ಬರೂ ಹೊತ್ತಿಗೆ ನೀರು ಇಳದು ಹೊಲಾ ಒಂದೀಟ ಕಾಣತೈತಿ, ಆವಾಗ ಈ ಹಕ್ಕಿ ಬಂದು ಉಳುಮಿ ಮಾಡ್ತಾವ ಅಂದ. ಹಳೇ ಬಾಗಲಕೋಟಿಯೊಳಗ ನಮ್ಮವ್ವನ ತವರಮನಿ ಓಣೀನೂ ಹಿಂಗ ಒಳಗ ಹೋಗೇತಿ, ನನಗ ಮುತ್ಯಾನ ಮಾತು ತಿಳೀತು. ಕಾಕಾ ಕೇಳಿಸ್ಕೊಳ್ಳಲಿಲ್ಲ, ಕ್ಯಾಮೆರಾದಾಗ ಐಎಸ್‌ಒ ಹಚ್ಚಾಕತ್ತಿದ್ದ.

ತೆಪ್ಪಾ ಹೋತು, ಹಕ್ಕಿ ಎದ್ದು, ದಂಡಿಮ್ಯಾಲೆ 30 ಕ್ಯಾಮೆರಾ ಒಮ್ಮೆಲೆ ಸೆಕೆಂಡಿಗೆ 20 ಫೋಟೊದಂಗ ಟರ್ರ್ ಅಂದ್ವು, ಲಕ್ಷ್ಮೀ ಪೂಜಾಕ್ಕ ಪಟಾಕಿ ಸರಾ ಹಚ್ಚಿದಂಗ. ಆ ಸಪ್ಪಳಕ್ಕ ಬಾಜೂಕಿನ ಪಟ್ಟೆತಲೆ ಹೆಬ್ಬಾತುನೂ ಎದ್ದು. ಅವು ಮಂಗೋಲಿಯಾ, ಟಿಬೆಟ್ ಕಡಿಂದ ಹಿಮಾಲಯಾ ದಾಟಿ ಬಂದಾವ್ರಿ, ಆ ಪರಿ ದೊಡ್ಡ ಗುಡ್ಡಾ ದಾಟಿದ್ದಕ್ಕ ಇಲ್ಲಿ ಬಂದು ಒಂದೆರಡು ತಿಂಗಳಾ ಆರಾಮ ಕಡಲಿ ಹೊಲಾ ಮೇಯೋಣು ಅಂದ್ರ ನಾವು ಅವಕ್ಕ ದಿನಾ ಮುಂಜಾನೆ ಡ್ರಿಲ್ ಮಾಡಸ್ತೇವಿ.

200 ರೂಪಾಯಿ ಕಾಕಾ ಫೋನ್‌ಪೇ ಮಾಡ್ತೇನಿ ಅಂದ. ಮುತ್ಯಾನ ಕೈಯಾಗಿದ್ದದ್ದು ಬಟನ್ ಫೋನು. "ಹಂಗಾರ ಆಮ್ಯಾಲೆ ಕೊಡ್ತೇನಿ ತಗೋರಿ" ಅಂತ ಹೇಳಿ ಕಾಕಾ ಕೊಲ್ಹಾರದ ಗಡಗಿ ಮೊಸರು ಹಾಕ್ಕೊಂಡು ರೊಟ್ಟಿ ತಿನ್ನಾಕ ಕುಂತ. ಇಂವ ಉಣ್ಣೂವಾಗ ಯಾರೂ ಎಬ್ಬಸಲಿಲ್ಲ.

ಈ ರೋಗ ಎಲ್ಲಿಂದ ಬಂತು ಅಂತ ನಾ ಭಾಳ ವಿಚಾರ ಮಾಡೇನಿ. ನನ್ನ ಪ್ರಕಾರ ಇದು ಆಷಾಢದ ಕಾಣಿಕಿ. ಆಷಾಢದಾಗ ಮದಿವಿ ಇಲ್ಲ, ಮದಿವಿ ಫೋಟೊದವರಿಗೆ ಕೆಲಸಾ ಇಲ್ಲ, ಮತ್ತ ಅದ ಹೊತ್ತಿಗೆ ಖಾನಾಪುರದ ಆಚಿ ಜಾಂಬೋಟಿ, ಚೋರ್ಲಾ ಘಾಟಿನ್ಯಾಗ ಮಳಿ ಜಡಿಯಾಕ ಹತ್ತತೈತಿ, ಕಪ್ಪಿ ಹಾವು ಹೊರಗ ಬರ್ತಾವ. ಕ್ಯಾಮೆರಾ ಐತಿ, ಲೈಟ್ ಐತಿ, ಅಸಿಸ್ಟಂಟ್ ಹುಡುಗ ಅದಾನ, ಇನ್ನೇನ ಬೇಕು, ಪ್ರೀ ವೆಡ್ಡಿಂಗ್ ಶೂಟನ್ನ ಹಂಗ ಎತ್ತಿ ಅಡವಿಯೊಳಗ ಇಟ್ರು.

ಚೋರ್ಲಾದಾಗ ರಾತ್ರಿ ನಾ ಕಣ್ಣಾರೆ ನೋಡಿದ್ದು ಹೇಳ್ತೇನಿ. ಮಲಬಾರ್ ಪಿಟ್ ವೈಪರ್ ಅಂತ ಒಂದು ವಿಷದ ಹಾವು. ಹಸರು, ಕಂದು, ಹಳದಿ, ಒಂದೊಂದು ಒಂದೊಂದು ಬಣ್ಣಾ. ಪಾಪ ಭಾಳ ಆಲಸಿ ಜೀವಾ, ಕಪ್ಪಿ ತಾನಾಗಿ ಬರ್ಲಿ ಅಂತ ಒಂದ ಟೊಂಗಿಮ್ಯಾಲೆ ದಿನಗಟ್ಲೆ ಕುಂಡರತೈತಿ, ಸರ್ಕಾರಿ ಆಫೀಸಿನ ಸ್ಟೂಲಿನಮ್ಯಾಲೆ ಸಿಪಾಯಿ ಕುಂತಂಗ. ಅಂಥಾ ಹಾವನ್ನ ಕೊಕ್ಕಿ ಕಡ್ಡಿಯಿಂದ ಎತ್ತಿ, ಅದರ ಟೊಂಗಿ ಚಲೋ ಇಲ್ಲಂತ, ಪಾಚಿ ಬೆಳದಿದ್ದ ಬ್ಯಾರೆ ಟೊಂಗಿಮ್ಯಾಲೆ ಇಟ್ರು. ಬ್ಯಾಕ್‌ಗ್ರೌಂಡಿಗೆ ಅಡ್ಡ ಬರ್ತಾವಂತ ನಾಕು ಎಲಿ ಕತ್ತರಿಸಿದ್ರು. ಮ್ಯಾಲಿಂದ ಧೋ ಅಂತ ಮಳಿ ಸುರಿಯಾಕತ್ತೈತಿ, ಆ ಮದಿವಿ ಫೋಟೊದಾಂವ ಇಸ್ತ್ರಿ ಮಾಡೂವಾಗ ನೀರು ಹೊಡಿಯೂ ಸ್ಪ್ರೇ ಬಾಟ್ಲಿಯಿಂದ ಹಾವಿನಮ್ಯಾಲೆ ನೀರು ಹೊಡದ! ಯಾಕಂದ್ರ ದೇವರ ಮಳಿಯಾಗ ಹನಿ ಸೈಜ್ ಸರಿ ಬರೂದಿಲ್ಲಂತ. ಎಡಕೊಂದು ಬಲಕೊಂದು ಫ್ಲ್ಯಾಷ್ ಹಿಡಿದು, ಎರಡು ತಾಸು, "ಸ್ವಲ್ಪ ಈ ಕಡೆ, ಹಾಂ ಹಂಗ, ನಾಲಿಗಿ ತಗಿ ನಾಲಿಗಿ ತಗಿ" ಅಂತ ಹಾವಿಗೆ ಹೇಳ್ತಿದ್ದ. ಹೊಸಾ ಮದುವಣಗಿತ್ತಿಗೆ ಹೇಳಿ ರೂಢಿ ಆಗೇತಿ. ಕೆಲಸಾ ಮುಗದ ಮ್ಯಾಲೆ ಹಾವನ್ನ ಅಲ್ಲೇ ಬಿಟ್ಟು ಹೋದ್ರು. ಅದರ ಹಳೇ ಸ್ಟೂಲು ಎಲ್ಲಿ, ಹೊಸಾ ಟೊಂಗಿ ಎಲ್ಲಿ, ಕಪ್ಪಿ ಬರೂ ಹಾದಿ ಯಾವದು, ಅದಕ್ಕೇನ ಗೊತ್ತು.

ಮರುದಿನಾ ಆ ಫೋಟೊಕ್ಕ ಹೆಸರು: "ಇನ್ ಇಟ್ಸ್ ನ್ಯಾಚುರಲ್ ಹ್ಯಾಬಿಟ್ಯಾಟ್."

ಹೂವಿನ ಮಂದೀದು ಇನ್ನೊಂದು ನಮೂನಿ. ಮಳಿಗಾಲ ಮುಗಿಯೂ ಹೊತ್ತಿಗೆ ಘಾಟಿನ ಮ್ಯಾಲಿನ ಕಲ್ಲಬಂಡಿ ಬಯಲಿನಾಗ ಬೊಟ್ಟಿನಷ್ಟ ಎತ್ತರದ ನೀಲಿ ಹೂವು ಹಾಸಿದಂಗ ಆಗತಾವ, ಯುಟ್ರಿಕ್ಯುಲೇರಿಯಾ ಅಂತ, ಬೆಳಗಾವಿ ಕಡೆ ಮರಾಠಿಯೊಳಗ ಸೀತೇಚಿ ಆಸವೆ ಅಂತಾರ, ಸೀತಮ್ಮನ ಕಣ್ಣೀರು. ಬೇರಿನ ಕಡೆ ಸಣ್ಣ ಸಣ್ಣ ಚೀಲಾ ಇರತಾವ, ಅದರಾಗ ನೀರಿನ ಹುಳಾ ಹಿಡದು ತಿಂತೈತಿ. ಹುಳಾ ಹಿಡಿಯೂ ಹೂವು ಅದು, ಆದ್ರ 90 ಕೆಜಿ ಫೋಟೊಗ್ರಾಫರ್ ಮ್ಯಾಲೆ ಬಿದ್ರ ಅದರ ಚೀಲದಾಗ ಹಿಡಿಯೂದಿಲ್ಲ. ಬೀಳತಾರ. ಐ ಲೆವೆಲ್ ಶಾಟ್ ಅಂತ ಹೇಳಿ ಹೊಟ್ಟಿಮ್ಯಾಲೆ ಮಕ್ಕೊಂಡು, ಒಂದು ಹೂವಿನ ಫೋಟೊ ಸಲುವಾಗಿ ಇನ್ನೂರು ಹೂವು ಹಾಸಿಗಿ ಮಾಡತಾರ. ಸಾತಾರಾದ ಕಾಸ್ ಬಯಲು 2012 ರಾಗ ಯುನೆಸ್ಕೊ ಪಟ್ಟಿಗೆ ಸೇರಿದ ಮ್ಯಾಲೆ ಮಂದಿ ಹೆಚ್ಚಾಗಿ ಅಲ್ಲಿ ಆನ್‌ಲೈನ್ ಟಿಕೆಟ್ ಮಾಡಿ ದಿನಕ್ಕ ಇಷ್ಟ ಮಂದಿ ಅಂತ ಮಾಡಬೇಕಾತು, ಹಂಗಾಗಿ ಅಲ್ಲಿ ಟಿಕೆಟ್ ಸಿಗದಾವರೆಲ್ಲ ಈಗ ನಮ್ಮ ಕಡೆ ಸೀತಮ್ಮನ ಅಳಸಾಕ ಬರ್ತಾರ.

ಇನ್ನ ಲೊಕೇಶನ್ ಚಟಾ. ಭೀಮಗಡ ಅಭಯಾರಣ್ಯದ ಕಡೆ ಬಾರಾಪೇಡೆ ಅಂತ ಗವಿ ಅದಾವ, ಅಲ್ಲಿ ಒಂದು ಬಾವಲಿ ಐತಿ, ರಾಟನ್ಸ್ ಫ್ರೀ ಟೇಲ್ಡ್ ಬ್ಯಾಟ್. 1913 ರಾಗ ವಿಜ್ಞಾನದವರು ಅದಕ್ಕ ಹೆಸರಿಟ್ರು, ಭಾಳ ವರ್ಷ ಜಗತ್ತಿನಾಗ ಅಲ್ಲೊಂದ ಕಡೆ ಅಷ್ಟ ಅದ ಅಂತ ತಿಳಕೊಂಡಿದ್ರು, ಆಮ್ಯಾಲೆ ಮೇಘಾಲಯದಾಗ, ಕಾಂಬೋಡಿಯಾದಾಗ ಸಿಕ್ಕಾವ. ವನ್ಯಜೀವಿ ಕಾಯ್ದೆಯೊಳಗ ಹುಲಿ ಇರೂ ಶೆಡ್ಯೂಲ್ ಒಂದರಾಗ ಅದೂ ಐತಿ. ಕತ್ತಲಿಯಾಗ ಜೋತುಬಿದ್ದು ಮಲಗೂದು ಬಿಟ್ರ ಅದಕ್ಕ ಯಾರ ಉಸಾಬರಿನೂ ಬ್ಯಾಡ. ಆದ್ರ ಅಡವಿಯೊಳಗಿಂದ ಯಾವ ಫೋಟೊ ಹಾಕಿದ್ರೂ ಕೆಳಗ ನಲವತ್ತು ಮಂದಿ "ಬ್ರೋ ಲೊಕೇಶನ್ ಪ್ಲೀಸ್", "ಅಣ್ಣಾ ಮ್ಯಾಪ್ ಪಿನ್ ಕಳಸ್ರಿ". ಅಭಯಾರಣ್ಯದಾಗ ಫೋಟೊ ತಗಿಯಾಕ ಪರ್ಮಿಶನ್ ಬೇಕು ಅಂತ 1972ರ ಕಾಯ್ದೆ ಹೇಳತೈತಿ ಅಂದ್ರ, "ನಮ್ಮ ಮಾಮಾ ಡಿಪಾರ್ಟ್‌ಮೆಂಟಿನ್ಯಾಗ ಅದಾನ" ಅಂತಾರ. ಎಲ್ಲಾರಿಗೂ ಒಬ್ಬ ಮಾಮಾ ಇರತಾನ್ರಿ, ಬಾವಲಿಗೊಂದ ಇಲ್ಲ.

ಯಡಹಳ್ಳಿ ಚಿಂಕಾರ ಅಭಯಾರಣ್ಯ ಆಗಿದ್ದು 2016 ರಾಗ. ಚಿಂಕಾರ ಸಣ್ಣ ಚಿಗರಿ, ನೀರು ಸಿಗದಿದ್ರೂ ಎಲಿಯೊಳಗಿನ ಪಸಿ ಮ್ಯಾಲೆನ ದಿನಾ ತಳ್ಳತೈತಿ, ಹೆದರಿದ್ರ ಸೀನಿದಂಗ ಸಪ್ಪಳಾ ಮಾಡತೈತಿ. ಹಿಂದಕ ಈ ಕಡೆ ಚಿಗರಿ ಬ್ಯಾಟಿಗೆ ಮುಧೋಳ ನಾಯಿ ಬಿಡತಿದ್ರು. ಈಗ ಬ್ಯಾಟಿ ಬಂದ್, ನಾಯಿ ಆರಾಮ ಮನಿಯಾಗ ಮಲಗೇತಿ, ಅಭಯಾರಣ್ಯದ ಅಂಚಿನ ಹೊಲದಾಗ ನಾಯಿ ಕೆಲಸಾ ಜೀಪು ಮಾಡತೈತಿ. ಬಾಯಾಗಿನ ಮಾತೂ ಬದಲಾಗಿಲ್ಲ ನೋಡ್ರಿ: "ಶೂಟ್ ಮಾಡಿದ್ವಿ", "ಎರಡು ಹೊಡದ್ವಿ", "ಒಂದು ಗಂಡು ಸಿಕ್ತು". ಚಿಗರಿ ಸೀನಿದ್ರ ಕಾಕಾ ಖುಷಿಯಿಂದ ಹೇಳ್ತಾನ, ನನ್ನ ಗುರುತು ಹಿಡೀತೋ!

ಹಂಗಂತ ಎಲ್ಲಾರೂ ಕಾಕಾನಂಗ ಇರೂದಿಲ್ಲ. ಇಳಕಲ್ ಕಡೆಯಾಕಿ ಒಬ್ಬಾಕಿ ಹುಡುಗಿ ಹಿನ್ನೀರಿಗೆ ಬರ್ತಾಳ, ಹಳೇ ಕ್ಯಾಮೆರಾ, ಲೆನ್ಸಿಗೆ ಕುಲಾಯಿ ಇಲ್ಲ. ಕತ್ತಲಿರೂವಾಗ ಬಂದು ಕೆಸರಿನಾಗ ಮಕ್ಕೊಂಡ್ಲಂದ್ರ ಮೂರು ತಾಸು ಅಲುಗಾಡೂದಿಲ್ಲ, ಹಕ್ಕಿ ತಾವಾಗಿ ಮೇಯ್ಕೋತ ಮೇಯ್ಕೋತ ಆಕಿ ಮಾರಿ ಹತ್ರ ಬರ್ತಾವ. ಕಾಕಾ ಆಕಿ ಫೋಟೊ ನೋಡಿ ಅಂದ, "ಲಕ್ ಅಷ್ಟ."

ಇದು ನಮ್ಮ ಕಡೆ ಅಷ್ಟ ಅಲ್ಲ, ಸಮಾಧಾನ ಬೇಕಂದ್ರ ಹೇಳ್ತೇನಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ನಡಸೂ ಜಗತ್ತಿನ ದೊಡ್ಡ ವೈಲ್ಡ್‌ಲೈಫ್ ಫೋಟೊ ಸ್ಪರ್ಧಾದಾಗ 2009 ರಾಗ ಗೆದ್ದದ್ದು ಒಂದು ತ್ವಾಳ ಗೇಟ್ ಜಿಗಿಯೂ ಫೋಟೊ. ಆಮ್ಯಾಲೆ ಅದು ಅಡವಿ ತ್ವಾಳ ಅಲ್ಲ, ಸಾಕಿದ್ದು ಇರಬೇಕು ಅಂತ ಹೇಳಿ ಬಹುಮಾನ ಕಸಗೊಂಡ್ರು. 2017 ರಾಗ ಇನ್ನೊಂದು ಬಹುಮಾನ, ಬ್ರೆಜಿಲ್ಲಿನ ಇರುವೆಬಾಕಾ ರಾತ್ರಿ ಹುತ್ತಿನ ಕಡೆ ಬರೂದು, ಮರುವರ್ಷ ನೋಡಿದ್ರ ಆ ಪ್ರಾಣಿ ಅಲ್ಲಿನ ನ್ಯಾಷನಲ್ ಪಾರ್ಕಿನ ಬಾಗಲದಾಗ ಇಟ್ಟಿದ್ದ ಹುಲ್ಲು ತುಂಬಿದ ಗೊಂಬಿ ಇದ್ದಂಗ ಐತಿ ಅಂದು ಅದನ್ನೂ ಕಸಗೊಂಡ್ರು. ತಗದವರಿಬ್ಬರೂ ಇಲ್ಲ ಇಲ್ಲ ಅಂದಾರ, ಅದೂ ಖರೆ. ನಮ್ಮ ಕುರಿ ಕಾಯೂವರು ತ್ವಾಳ ಹತ್ರದಿಂದ ನೋಡತಾರ, ಖರೇ ತ್ವಾಳ, ಮರಿ ಬಾಯಾಗ ಕಚಗೊಂಡು ಹೋಗೂವಂಥಾದ್ದು, ಆದ್ರ ಆ ಹೊತ್ತಿನ್ಯಾಗ ಅವರ ಕೈಯಾಗ ಬಡಿಗಿ ಇರತೈತಿ. ನಾ ಕಾಕಾಗ ಈ ಗೊಂಬಿ ಕಥಿ ಹೇಳಿ ತಪ್ಪು ಮಾಡ್ದೆ. ಮರುದಿನಾನ ಗಾರ್ಡನ್ನಿನಾಗಿನ ಸಿಮೆಂಟ್ ಚಿಗರಿ ಮುಂದ ಟ್ರೈಪಾಡ್ ಹಚ್ಚಿ ನಿಂತಿದ್ದ, ಪ್ರಾಕ್ಟೀಸ್ ಅಂತ.

ಯುಗಾದಿ ಮುಂದ ಕಾಕಾಂದು ಫೋಟೊ ಪ್ರದರ್ಶನ ಆತು, ಒಂದು ಕಲ್ಯಾಣ ಮಂಟಪದಾಗ. ಇದಕ್ಕಿಂತ ಸರಿಯಾದ ಜಾಗಾ ಯಾವದೈತಿ. ಬಾಗಲದಾಗ ಪನ್ನೀರು, ಒಳಗ ಕರದಂಟು ಹಂಚಾಕತ್ತಿದ್ರು. ನಟ್ಟ ನಡುವ ದೊಡ್ಡ ಚೌಕಟ್ಟಿನಾಗ ಆ ರಾಜಹಂಸದ ಫೋಟೊ, ಬೊಂಬಾಯಿ ಮಿಠಾಯಿ ಬಣ್ಣಾ, ಹಿಂದ ಹೊಂಬಿಸಲು, ಕೆಳಗ ಬರದಿತ್ತು: "ಮನುಷ್ಯರ ಸ್ಪರ್ಶವಿಲ್ಲದ ತಾಣದಲ್ಲಿ, ತಾವಾಗಿಯೇ ರೆಕ್ಕೆ ಬಿಚ್ಚಿದಾಗ." ಬಂದವರೆಲ್ಲ ಅದರ ಮುಂದ ನಿಂತು ಸೆಲ್ಫಿ ತಗೊಂಡ್ರು.

ನಾನ ತೆಪ್ಪದ ಮುತ್ಯಾಗ ಕರಕೊಂಡ ಬಂದಿದ್ದೆ, ಒಗದ ಧೋತರಾ ಉಟ್ಕೊಂಡು ಬಂದಿದ್ದ. ಫೋಟೊದ ಮುಂದ ನಿಂತು ಭಾಳ ಹೊತ್ತು ನೋಡ್ದ. ಆ ಒಂಟಿ ಹಕ್ಕಿ ಇದ್ದ ಜಾಗಾ ಬೊಟ್ಟಿನಿಂದ ಮುಟ್ಟಿ ನೋಡ್ದ. ಆಮ್ಯಾಲೆ ಕಾಕಾನ ಕಡೆ ತಿರುಗಿದ.

"ಸಾಹೇಬ್ರ, ನನ್ನ ತೆಪ್ಪಾ ಎಲ್ಲಿ?"

"ಅದು ಡಿಸ್ಟರ್ಬ್ ಆಗತಿತ್ತು ಮುತ್ಯಾ. ಕಂಪ್ಯೂಟರಿನ್ಯಾಗ ತಗದೇನಿ."

"ತೆಪ್ಪದಾಗ ನಾ ಇದ್ದೆನಲ್ಲರಿ?"

"ನಿಮ್ಮನ್ನೂ ತಗದೇನಿ."

ಮುತ್ಯಾ ಹಾಂ ಅಂದ. ಪಟಗಾ ಸರಿ ಮಾಡ್ಕೊಂಡ. ಬಟನ್ ಫೋನು ಒಂದು ಕಿಸೇದಾಗಿಂದ ಇನ್ನೊಂದು ಕಿಸೇದಾಗ ಇಟ್ಟು, ಖಾಲಿ ಕೈ ಮುಂದ ಚಾಚಿದ.

"ಆತು ಬಿಡ್ರಿ. ಆ ಎರಡ್ನೂರು ಕೊಡ್ರಿ ಈಗ."