ತಾಯಿ ಪ್ರೀತಿ ಕಮ್ಮಿಯಾದರೆ ಆಸ್ಪರ್ಜರ್ ಬರುತ್ತಾ? ಸತ್ಯಾಂಶ ಇಲ್ಲಿದೆ

ಅಮ್ಮ ಕೆಲಸಕ್ಕೆ ಹೋಗಿ ಪ್ರೀತಿ ಕೊಡದಿದ್ದರೆ ಮಗುವಿಗೆ ಆಸ್ಪರ್ಜರ್ (ಜನರೊಂದಿಗೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಬೇರೆಯಾಗಿರುವ ಆಟಿಸಂನ ಒಂದು ಬಗೆ) ಬರುತ್ತದೆ ಅನ್ನೋ ವಾಟ್ಸಾಪ್ ಫಾರ್ವರ್ಡ್ ನೀವೂ ನೋಡಿರಬಹುದು. ಅದು ಸುಳ್ಳು, ತುಂಬಾ ಹಳೆಯ ಸುಳ್ಳು.

1950-60ರ ದಶಕಗಳಲ್ಲಿ ಅಮೆರಿಕದ ಕೆಲವು ತಜ್ಞರೇ ಆಟಿಸಂ ಇರುವ ಮಕ್ಕಳ ತಾಯಂದಿರನ್ನು ಫ್ರಿಜ್ಜಿನಷ್ಟು ತಣ್ಣಗಿನವರು ಎಂದು ದೂರಿದ್ದರು. ಎಷ್ಟು ಅಮ್ಮಂದಿರು ಸುಮ್ನೆ ಕಣ್ಣೀರು ಹಾಕಿದರೋ! 1964ರಲ್ಲಿ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಪುಸ್ತಕ ಬರೆದು ಇದನ್ನು ಅಲ್ಲಗಳೆದರು. ಅವರ ಮಗನಿಗೂ ಆಟಿಸಂ ಇತ್ತು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನವೊಂದು ವಂಶವಾಹಿಗಳ ಪಾತ್ರ ಜಾಸ್ತಿ ಎಂದು ತೋರಿಸಿತು. ಆಟಿಸಂ ಇರುವ ಮಕ್ಕಳ ಮಿದುಳು ಬೆಳೆಯುವ ರೀತಿಯೇ ಬೇರೆ.

ಮದುವೆ ಮನೆಯಲ್ಲಿ ವಾಲಗ ಜೋರಾದಾಗ ಕಿವಿ ಮುಚ್ಚಿಕೊಳ್ಳುವ ಹುಡುಗನನ್ನು ನೆನೆಸಿಕೊಳ್ಳಿ. ಅಮ್ಮ ಎಲೆ ಮುಂದಿನಿಂದ ಎದ್ದು ಅವನನ್ನು ಹೊರಗೆ ಕರೆದೊಯ್ಯುತ್ತಾಳೆ. ಅವನು ಬಸ್ ನಂಬರುಗಳನ್ನು ಒಪ್ಪಿಸುತ್ತಾನೆ. ನಾಲ್ಕನೇ ಸಲವೂ ಅವಳು ಮೊದಲ ಸಲದಂತೆಯೇ ಕೇಳುತ್ತಾಳೆ.